ವಿದ್ಯೆಯು ಯಾರ ಋಣ?



ಹರಿಹರ ತಾಲೂಕಿನ ಕಡರನಾಯಕನಹಳ್ಳಿಯಂಥ ಒಂದು ಊರಿನಲ್ಲಿ ನಮ್ಮ ಸಭೆಗೆ ಸೇರಿದ ಒಂದು ಮನೆ ಇದೆಯೆಂದು ಎಣಿಸಿಕೊಳ್ಳೋಣ. ಆ ಮನೆಯವರಿಗೆ ಇರುವದು ಒಂದೆರಡು ಎಕರೆ ಗದ್ದೆ. ಕಾಲುವೆಯಲ್ಲಿ ನೀರು ಬಂದ ವರುಷ ಭತ್ತ; ಕಡೇ ತೂಬಿನ ವರೆಗೆ ನೀರು ಬಾರದ ವರುಷ ಸಾಲ. ಮಗನು ಹತ್ತನೆಯ ತರಗತಿಗೇ ಓದನ್ನು ನಿಲ್ಲಿಸಿ ತಂದೆಯ ಸಂಗಡ ಗದ್ದೆಗೆ ಇಳಿದಿದ್ದಾನೆ. ಮಗಳು ಪಿ.ಯು.ಸಿ. ಮುಗಿಸಿ, ದಾವಣಗೆರೆಯಲ್ಲಿ ಮುಂದಕ್ಕೆ ಓದುತ್ತೇನೆಂದು ಕೇಳುತ್ತಾಳೆ. ಅದಕ್ಕೆ ಹಣ ಬೇಕಾದರೆ ಗದ್ದೆಯನ್ನು ಅಡವಿಡಬೇಕು. ತಂದೆಯು ರಾತ್ರಿ ಊಟವಾದ ಮೇಲೆ ಕಟ್ಟೆಯ ಮೇಲೆ ಕೂತು ಉಪದೇಶಿಯವರಿಗೆ, “ಅಯ್ಯನವರೇ, ಕಳಿಸದೆ ಹೋದರೆ ಇವಳು ನಮ್ಮ ಹಾಗೆಯೇ ಕಳೆ ಕೀಳುತ್ತಾ ಇರಬೇಕು. ಕಳಿಸಿದರೆ ನಾಳೆ ನಮ್ಮನ್ನೇ ಕಳೆಯ ಹಾಗೆ ನೋಡಿಯಾಳು. ನಾನು ಏನು ಮಾಡಲಿ?” ಎಂದು ಕೇಳುತ್ತಾನೆ.

ಇಂಥ ಪ್ರಶ್ನೆಯು ಒಂದೇ ಮನೆಯಲ್ಲಿ ಏಳತಕ್ಕದ್ದಲ್ಲ. ನಮ್ಮ ಹಳ್ಳಿಯ ಸಭೆಗಳಲ್ಲಿ ಮಕ್ಕಳಿರುವ ಪ್ರತಿ ಮನೆಯಲ್ಲಿಯೂ ಇದು ಒಂದು ದಿನ ಬಾಗಲಿಗೆ ಬಂದು ನಿಲ್ಲುವದು. ಗದ್ದೆಯನ್ನು ಅಡವಿಡಬೇಕೋ ಬೇಡವೋ ಎಂಬದನ್ನು ಆ ಮನೆಯವರೇ ತಮ್ಮ ಶಕ್ತಿಯನ್ನು ನೋಡಿ ತೀರ್ಮಾನಿಸಬೇಕು. ಆದರೆ ಆ ತಂದೆಯ ಮಾತಿನ ಒಳಗೆ ಹಣಕ್ಕಿಂತ ಆಳವಾದ ಇನ್ನೊಂದು ಪ್ರಶ್ನೆ ಇದೆ. ವಿದ್ಯೆಯು ಯಾರಿಗೋಸ್ಕರ? ಅದನ್ನು ಸಂಪಾದಿಸಿದವರು ಅದರ ವಿಷಯದಲ್ಲಿ ಯಾರಿಗೆ ಲೆಕ್ಕ ಒಪ್ಪಿಸಬೇಕು? ಇದನ್ನು ನಾವು ಈ ತಿಂಗಳು ವಾಚಕರ ಸಂಗಡ ಕೂತು ಯೋಚಿಸಬೇಕೆಂದಿದ್ದೇವೆ.

ಸಾಮಾನ್ಯವಾಗಿ ಈ ಪ್ರಶ್ನೆಗೆ ಜನರು ಎರಡು ಉತ್ತರಗಳನ್ನು ಕೊಡುತ್ತಾರೆ. ವಿದ್ಯೆಯು ಹೊಟ್ಟೆಗೋಸ್ಕರ ಎಂಬದು ಒಂದು. ಮಾನಕ್ಕೋಸ್ಕರ ಎಂಬದು ಇನ್ನೊಂದು. ಈ ಎರಡನ್ನೂ ನಾವು ಹೀನವೆಂದು ಹೇಳಲಾರೆವು. ಹಸಿದವನಿಗೆ ಅನ್ನವು ಸಣ್ಣ ವಿಷಯವಲ್ಲ. ತಲೆತಲಾಂತರದಿಂದ ಊರ ಹೊರಗೆ ನಿಲ್ಲಿಸಲ್ಪಟ್ಟವನಿಗೆ ಮಾನವೂ ಸಣ್ಣ ವಿಷಯವಲ್ಲ. ನಮ್ಮ ಅಜ್ಜಂದಿರಲ್ಲಿ ಎಷ್ಟೋ ಮಂದಿ ಅಕ್ಷರ ಕಲಿತದ್ದು, ಸಾಹುಕಾರನ ಪತ್ರದಲ್ಲಿ ಏನು ಬರೆದಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತಿ ಹೊಲ ಕಳಕೊಂಡವರನ್ನು ನೋಡಿಯೇ. ಆದರೂ ಈ ಎರಡು ಉತ್ತರಗಳಲ್ಲಿ ಒಂದು ಕೊರತೆ ಇದೆ. ಎರಡರಲ್ಲಿಯೂ ವಿದ್ಯೆಯು ಕಲಿತವನ ಬಳಿಗೆ ಬಂದು ಅಲ್ಲಿಯೇ ನಿಂತುಬಿಡುತ್ತದೆ. ಕೆರೆಗೆ ನೀರು ಬಂತು, ತೂಬು ತೆರೆಯಲಿಲ್ಲ ಎಂಬಂತಾಯಿತು. ಆ ತಂದೆಯು ಹೆದರುವದು ಇದಕ್ಕೇ.

ದಾವಣಗೆರೆಯನ್ನು ನಾವೆಲ್ಲರೂ ಬಲ್ಲೆವು. ಒಂದು ಕಾಲದಲ್ಲಿ ಅದು ಹತ್ತಿಯ ಗಿರಣಿಗಳ ಊರಾಗಿತ್ತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕಾಲೇಜುಗಳು ಒಂದೊಂದಾಗಿ ಎದ್ದವು. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಇಂಜಿನಿಯರಿಂಗ್ ಕಾಲೇಜು, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯ. ನಮ್ಮ ಹಿರಿಯರು ಕೂಲಿಗಾಗಿ ಹೋದ ಊರಿಗೆ ನಮ್ಮ ಮಕ್ಕಳು ಓದಿಗಾಗಿ ಹೋಗುತ್ತಾರೆ. ಇದು ದೇವರ ಉಪಕಾರವೇ ಸರಿ. ಆದರೆ ವಿಶ್ವವಿದ್ಯಾನಿಲಯವೆಂದರೆ ಏನು, ಅದಕ್ಕೂ ಹಳ್ಳಿಗೂ ಏನು ಸಂಬಂಧ ಎಂಬದನ್ನು ತಿಳಿಯದೆ ಮಕ್ಕಳನ್ನು ಕಳಿಸಿದರೆ, ಅವರು ಪದವಿಯನ್ನು ತಂದಾರು, ವಿದ್ಯೆಯನ್ನು ತರಲಿಕ್ಕಿಲ್ಲ. ಆದಕಾರಣ ನಮ್ಮ ಸಭೆಗಳ ಚರಿತ್ರೆಗೆ ಹತ್ತಿರವಾದ ಮೂರು ಲೂಥರನ್ ವಿಶ್ವವಿದ್ಯಾನಿಲಯಗಳನ್ನು ಸ್ವಲ್ಪ ನೋಡಿ ಬರೋಣ.

ಮೊದಲನೆಯದು ಜರ್ಮನಿ ದೇಶದ ವಿಟ್ಟೆನ್‌ಬರ್ಗ್. ಅಲ್ಲಿಯ ವಿಶ್ವವಿದ್ಯಾನಿಲಯವು 1502ರಲ್ಲಿ ಹುಟ್ಟಿತು. ಮಾರ್ಟಿನ್ ಲೂಥರನು 1512ರಿಂದ ಅಲ್ಲಿ ವೇದಾಧ್ಯಾಪಕನಾಗಿದ್ದನು. ಅವನು ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಿರುಗಿಸಿ 1522ರಲ್ಲಿ ಅಚ್ಚು ಹಾಕಿಸಿದನು. ಜೊತೆಯ ಪಂಡಿತರ ಸಹಾಯದಿಂದ ಸಂಪೂರ್ಣ ಸತ್ಯವೇದವನ್ನು 1534ರಲ್ಲಿ ಮುಗಿಸಿದನು. ಗ್ರೀಕ್, ಇಬ್ರಿಯ ಭಾಷೆಗಳನ್ನು ಅವನು ಪುಸ್ತಕಗಳಿಂದ ಕಲಿತಿದ್ದನು. ಆದರೆ ತನ್ನ ಜನರ ಭಾಷೆಯನ್ನು ಎಲ್ಲಿ ಕಲಿಯಬೇಕೆಂದು ಕೇಳಿದವರಿಗೆ, ಮನೆಯೊಳಗಿನ ತಾಯಿಯನ್ನೂ ಬೀದಿಯ ಮಕ್ಕಳನ್ನೂ ಸಂತೆಯ ಸಾಮಾನ್ಯನನ್ನೂ ಕೇಳಬೇಕು, ಅವರು ಮಾತಾಡುವಾಗ ಅವರ ಬಾಯಿಯನ್ನು ನೋಡಬೇಕು ಎಂಬ ಅರ್ಥದಲ್ಲಿ 1530ರಲ್ಲಿ ಬರೆದನು. ಯಾಜಕಕಾಂಡದಲ್ಲಿ ಬಲಿಪಶುವಿನ ಅಂಗಗಳ ಹೆಸರುಗಳು ಬಂದಾಗ, ಅವನು ಕಟುಕನೊಬ್ಬನಿಂದ ಕುರಿಗಳನ್ನು ಕೊಯ್ಯಿಸಿ ಒಂದೊಂದು ಭಾಗಕ್ಕೆ ಏನು ಹೆಸರೆಂದು ಕೇಳಿ ತಿಳುಕೊಂಡನೆಂದು ಅವನ ಶಿಷ್ಯನಾದ ಮಥೇಸಿಯನು ಹೇಳಿದ್ದಾನೆ. ಆ ಹೊತ್ತಿನಲ್ಲಿ ಗುರು ಯಾರು, ಶಿಷ್ಯ ಯಾರು? ದೊಡ್ಡ ಪಂಡಿತನು ಕಟುಕನ ಮುಂದೆ ಶಿಷ್ಯನಾಗಿ ನಿಂತನು. ಹಾಗೆ ನಿಲ್ಲದೆ ಹೋಗಿದ್ದರೆ ಅವನ ಪಾಂಡಿತ್ಯವು ಆ ಕೆಲಸದಲ್ಲಿ ಅರ್ಧಕ್ಕೇ ನಿಲ್ಲುತ್ತಿತ್ತು. ಇದೇ ಲೂಥರನು 1524ರಲ್ಲಿ ಜರ್ಮನಿಯ ಪಟ್ಟಣಗಳ ಅಧಿಕಾರಿಗಳಿಗೆ ಬರೆದು, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಶಾಲೆಗಳನ್ನು ನಡಿಸಬೇಕೆಂದು ಒತ್ತಾಯಪಡಿಸಿದನು. ಅವನು ಜನರಿಂದ ತಕ್ಕೊಂಡದ್ದನ್ನು ಜನರಿಗೆ ಹಿಂದಕ್ಕೆ ಕೊಡಬೇಕೆಂದು ತಿಳಿದಿದ್ದನೆಂಬದಕ್ಕೆ ಇದು ಸಾಕ್ಷಿ.

ಎರಡನೆಯದು 1694ರಲ್ಲಿ ಸ್ಥಾಪಿತವಾದ ಹಾಲೆಯ ವಿಶ್ವವಿದ್ಯಾನಿಲಯ. ಅಲ್ಲಿಯ ಅಧ್ಯಾಪಕರಲ್ಲಿ ಅಗಸ್ಟ್ ಹೆರ್ಮನ್ ಫ್ರಾಂಕೆ ಎಂಬವನು ಊರ ಹೊರಗಿನ ಬಡವರ ಕೇರಿಯಲ್ಲಿ ಸಭಾಪಾಲಕನೂ ಆಗಿದ್ದನು. 1695ರಲ್ಲಿ ಅವನ ಮನೆಯ ದಾನಪೆಟ್ಟಿಗೆಯಲ್ಲಿ ನಾಲ್ಕು ಥಾಲರ್ ಹದಿನಾರು ಗ್ರೋಷನ್ ನಾಣ್ಯ ಬಿದ್ದಿತು. ಆ ಹಣದಿಂದ ಅವನು ಬಡಮಕ್ಕಳ ಶಾಲೆಯೊಂದನ್ನು ತೆರೆದನು. ಅದರಿಂದ ಅನಾಥಶಾಲೆಯೂ ಅನೇಕ ಪಾಠಶಾಲೆಗಳೂ ಬೆಳೆದವು. ಹಾಲೆಯಲ್ಲಿ ಕಲಿತ ಬಾರ್ತೊಲೊಮೇಯಸ್ ಸೀಗನ್‌ಬಾಲ್ಗ್ ಎಂಬವನು 1706ರಲ್ಲಿ ತಮಿಳುದೇಶದ ತರಂಗಂಬಾಡಿಗೆ ಬಂದು ಇಳಿದನು. ಅವನು ಅಲ್ಲಿಯ ತಿಣ್ಣೆಯ ಶಾಲೆಯ ಮಕ್ಕಳ ಸಂಗಡ ನೆಲದ ಮೇಲೆ ಕೂತು, ಮರಳಿನಲ್ಲಿ ಬೆರಳಿನಿಂದ ತಮಿಳು ಅಕ್ಷರಗಳನ್ನು ತಿದ್ದಿ ಕಲಿತನು.

ಆದರೆ ಹಾಲೆಯ ವಿಷಯದಲ್ಲಿ ನಾವು ಒಂದು ಕುಂದನ್ನೂ ಹೇಳಬೇಕು. ಸೀಗನ್‌ಬಾಲ್ಗನು ತಮಿಳರ ದೇವತೆಗಳನ್ನೂ ನಂಬಿಕೆಗಳನ್ನೂ ಕುರಿತು ಜನರನ್ನು ಕೇಳಿ ತಿಳುಕೊಂಡು ಒಂದು ದೊಡ್ಡ ಪುಸ್ತಕವನ್ನು 1713ರಲ್ಲಿ ಬರೆದು ಕಳಿಸಿದನು. ಅಲ್ಲಿಯವರು ಅದನ್ನು ಅಚ್ಚು ಹಾಕಲಿಲ್ಲ. ಒಂದೂವರೆ ಶತಮಾನ ದಾಟಿದ ಮೇಲೆ, 1867ರಲ್ಲಿ, ಅದು ಮದರಾಸಿನಲ್ಲಿ ಅಚ್ಚಾಯಿತು. ಬಡವರಿಗೆ ಅನ್ನವನ್ನೂ ಅಕ್ಷರವನ್ನೂ ಕೊಡಲಿಕ್ಕೆ ಸಿದ್ಧವಾಗಿದ್ದ ವಿದ್ಯಾಸ್ಥಾನವು, ದೂರದೇಶದ ಜನರಿಂದ ಏನನ್ನಾದರೂ ತಿಳಿಯಲಿಕ್ಕೆ ಅಷ್ಟು ಸಿದ್ಧವಾಗಿರಲಿಲ್ಲ. ಕೊಡುವ ಕೈ ಇದ್ದರೆ ಸಾಲದು, ಕೇಳುವ ಕಿವಿಯೂ ಬೇಕೆಂಬದನ್ನು ನಾವು ಇದರಿಂದ ತಿಳಿಯುತ್ತೇವೆ. ದಾನ ಮಾಡುವವನಿಗೆ ತಾನು ಮೇಲಿನವನೆಂಬ ಎಣಿಕೆ ಉಳಿಯಬಹುದು. ಕೇಳಿ ಕಲಿಯುವವನಿಗೆ ಅದು ಉಳಿಯಲಾರದು.

ಮೂರನೆಯದು ಟ್ಯೂಬಿಂಗನ್. 1477ರಲ್ಲಿ ಹುಟ್ಟಿದ ಈ ವಿಶ್ವವಿದ್ಯಾನಿಲಯವು 1534ರಿಂದ ಲೂಥರನ ಸುಧಾರಣೆಯನ್ನು ಅಂಗೀಕರಿಸಿತು. 1536ರಲ್ಲಿ ಅಲ್ಲಿಯ ಪ್ರಭುವು ವೇದಶಾಸ್ತ್ರ ಕಲಿಯುವ ಹುಡುಗರಿಗೆ ಒಂದು ವಿದ್ಯಾರ್ಥಿನಿವಾಸವನ್ನು ಏರ್ಪಡಿಸಿದನು. ಬಡವರ ಮಕ್ಕಳು ಸಹ ಅಲ್ಲಿ ಒಂದೇ ಸೂರಿನ ಕೆಳಗೆ ಇದ್ದು ಕಲಿಯುವದಕ್ಕೆ ದಾರಿಯಾಯಿತು. ಈ ಟ್ಯೂಬಿಂಗನ್‌ನಲ್ಲಿ ಕಲಿತ ಹೆರ್ಮನ್ ಮೋಗ್ಲಿಂಗರು ಬಾಸೆಲ್ ಮಿಶನ್ನಿನ ಮೂಲಕ 1836ರಲ್ಲಿ ಮಂಗಳೂರಿಗೆ ಬಂದರು. ಕನ್ನಡದ ಮೊದಲನೆಯ ವರ್ತಮಾನಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ನೆಯ ಜುಲಾಯಿ 1ರಂದು ಹೊರಡಿಸಿದವರು ಅವರೇ. ಹಳಗನ್ನಡ ನಡುಗನ್ನಡಗಳ ಕಾವ್ಯಗಳನ್ನೂ ದಾಸರ ಪದಗಳನ್ನೂ ಓಲೆಗಳಿಂದ ಎತ್ತಿ ಅಚ್ಚಿಗೆ ತರುವ ಕೆಲಸವನ್ನೂ ಅವರು ಕೈಕೊಂಡರು. ಕನ್ನಡಕ್ಕೆ ಮಾಡಿದ ಸೇವೆಗಾಗಿ ಟ್ಯೂಬಿಂಗನ್ 1858ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟಿತು.

ಅವರ ತರುವಾಯ ಬಂದವರು ಫೆರ್ಡಿನಾಂಡ್ ಕಿಟ್ಟೆಲರು. ಅವರು 1832ರಲ್ಲಿ ಹುಟ್ಟಿ, ಬಾಸೆಲಿನ ಮಿಶನ್ ಪಾಠಶಾಲೆಯಲ್ಲಿ ಕಲಿತು, 1853ರಲ್ಲಿ ನಮ್ಮ ನಾಡಿಗೆ ಬಂದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಶಬ್ದಗಳಿರುವ ಆ ಮಹಾಕೋಶಕ್ಕೆ ಅವರು ಸುಮಾರು ಇಪ್ಪತ್ತು ವರುಷಗಳನ್ನು ಕೊಟ್ಟರು. ಕಣ್ಣಿನ ಬಲವನ್ನೂ ದೇಹದ ಬಲವನ್ನೂ ಕೊಟ್ಟರು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ಅವರಿಗೂ ಡಾಕ್ಟರ್ ಪದವಿಯನ್ನು ಕೊಟ್ಟು ಮಾನ ಮಾಡಿತು. ಅದೇ ಊರಿನಲ್ಲಿ ಅವರು 1903ರಲ್ಲಿ ತೀರಿಹೋದರು.

ಈಗ ವಾಚಕರು ಒಂದು ಮಾತನ್ನು ಯೋಚಿಸಬೇಕು. ಆ ನಿಘಂಟಿನ ಶಬ್ದಗಳು ಎಲ್ಲಿಂದ ಬಂದವು? ಕೆಲವು ಪೂರ್ವಕಾಲದ ಕವಿಗಳ ಕಾವ್ಯಗಳಿಂದ ಬಂದವು. ಕೆಲವನ್ನು ಕನ್ನಡ ಪಂಡಿತರು ತಿಳಿಸಿದರು. ಮಿಕ್ಕವು ಎಲ್ಲಿಂದ? ಕೂರಿಗೆ, ಕುಂಟೆ, ನೊಗ, ಕಣ, ಹಗೇವು ಮೊದಲಾದ ಮಾತುಗಳನ್ನು ಯಾವ ಅರಮನೆಯ ಕವಿಯೂ ಹುಟ್ಟಿಸಲಿಲ್ಲ. ಉಳುವವನು, ಬಿತ್ತುವವಳು, ನೇಯುವವನು, ಕುಂಬಾರನು, ಕುರುಬನು ಇವರು ತಮ್ಮ ಕೆಲಸದ ನಡುವೆ ಆ ಮಾತುಗಳನ್ನು ಕಟ್ಟಿ, ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದರು. ಕಿಟ್ಟೆಲರು ಶಬ್ದಗಳ ಸಂಗಡ ಜನರ ಗಾದೆಗಳನ್ನೂ ಹೇರಳವಾಗಿ ಕೂಡಿಸಿ ತಮ್ಮ ಕೋಶದಲ್ಲಿ ಇಟ್ಟರು. ಗಾದೆಯನ್ನು ಹೇಳಿದವರ ಹೆಸರು ಯಾರಿಗೆ ಗೊತ್ತು? ಓದುಬರಹ ಬಾರದ ಯಾವದೋ ಅಜ್ಜಿಯ ಮಾತು ವಿಶ್ವವಿದ್ಯಾನಿಲಯದ ಪುಸ್ತಕಶಾಲೆಯಲ್ಲಿ ಹೋಗಿ ಕೂತಿತು. ಪದವಿಯು ಕಿಟ್ಟೆಲರಿಗೆ ಬಂದದ್ದು ನ್ಯಾಯವೇ. ಆದರೆ ಆ ಪದವಿಯಲ್ಲಿ ಹೆಸರಿಲ್ಲದ ಆ ಅಜ್ಜಿಗೂ ಒಂದು ಪಾಲಿದೆ.

ನಾವು ಈ ಲೇಖನದಲ್ಲಿ ಹೇಳಬೇಕೆಂದಿರುವದು ಇಷ್ಟೇ: ವಿದ್ಯೆಯು ಋಣ. ಯಾವ ವಿದ್ಯಾವಂತನೂ ತನ್ನ ವಿದ್ಯೆಯನ್ನು ತಾನೊಬ್ಬನೇ ಹುಟ್ಟಿಸಿಕೊಳ್ಳಲಿಲ್ಲ. ಮಾತನ್ನು ತಾಯಿಯಿಂದ, ಅಕ್ಷರವನ್ನು ಗುರುವಿನಿಂದ, ಅನ್ನವನ್ನು ಉಳುವವನಿಂದ, ಬಿಡುವನ್ನು ತನ್ನ ಬದಲಾಗಿ ದುಡಿದ ಯಾರೋ ಒಬ್ಬರಿಂದ ಅವನು ತಕ್ಕೊಂಡಿದ್ದಾನೆ. ನಾವು ಮೊದಲು ಹೇಳಿದ ಮನೆಯಲ್ಲಿ ಮಗಳು ಪುಸ್ತಕ ಹಿಡಿದಿರುವ ಹೊತ್ತಿನಲ್ಲಿ ಅಣ್ಣನು ಕೆಸರಿನಲ್ಲಿ ನಿಂತಿದ್ದಾನೆ. ಅವಳ ಒಂದೊಂದು ಪುಟದ ಕೆಳಗೂ ಅವನ ಬೆವರಿನ ಲೆಕ್ಕವಿದೆ. ಈ ಲೆಕ್ಕವನ್ನು ನೆನಸುವ ವಿದ್ಯೆಯು ಮನುಷ್ಯರನ್ನು ಕೂಡಿಸುವದು. ಮರೆಯುವ ವಿದ್ಯೆಯು ಮನುಷ್ಯರನ್ನು ಅಗಲಿಸುವದು.

ಇದಕ್ಕೆ ಮೂರು ಆಕ್ಷೇಪಣೆಗಳು ಬರಬಹುದು. ಅವುಗಳನ್ನು ಮುಚ್ಚಿಡುವದು ಸರಿಯಲ್ಲ.

ಒಬ್ಬರು, “ವಿದ್ಯೆಯ ಗುರಿ ಮನುಷ್ಯನೆಂದು ಹೇಳಿದರೆ ದೇವರನ್ನು ಬದಿಗಿಟ್ಟಂತಾಗುವದಿಲ್ಲವೋ?” ಎಂದಾರು. ನಮ್ಮ ಕರ್ತನು ಸಬ್ಬತ್ ದಿನದ ವಿಷಯವಾಗಿ ಫರಿಸಾಯರಿಗೆ ಕೊಟ್ಟ ಉತ್ತರವನ್ನು ಅವರು ಜ್ಞಾಪಕಮಾಡಿಕೊಳ್ಳಲಿ. ದೇವರು ನೇಮಿಸಿದ ಪರಿಶುದ್ಧ ದಿನವೇ ಮನುಷ್ಯನ ಹಿತಕ್ಕಾಗಿ ಇರುವದಾದರೆ, ಮನುಷ್ಯರು ಕಟ್ಟಿದ ವಿದ್ಯಾಲಯವು ಎಷ್ಟೋ ಹೆಚ್ಚಾಗಿ ಹಾಗಿರಬೇಕಲ್ಲವೇ? ಕರ್ತನು ಹನ್ನೆರಡು ವರುಷದ ಹುಡುಗನಾಗಿ ದೇವಾಲಯದಲ್ಲಿ ಬೋಧಕರ ನಡುವೆ ಇದ್ದಾಗ ಕೇಳುತ್ತಲೂ ಪ್ರಶ್ನಿಸುತ್ತಲೂ ಇದ್ದನೆಂದು ಲೂಕನು ತಿಳಿಸುತ್ತಾನೆ. ಆಮೇಲೆ ಆತನು ತಂದೆತಾಯಿಗಳ ಸಂಗಡ ನಜರೇತಿಗೆ ಹೋಗಿ ಅವರಿಗೆ ಅಧೀನನಾಗಿದ್ದನೆಂಬದನ್ನೂ ಅದೇ ಅಧ್ಯಾಯವು ತಿಳಿಸುತ್ತದೆ.

ಇನ್ನೊಬ್ಬರು, “ಜನರ ಉಪಯೋಗಕ್ಕೆ ಬಾರದ ಓದೆಲ್ಲಾ ವ್ಯರ್ಥವೋ? ಹಾಗಾದರೆ ಬಿತ್ತನೆ, ಔಷಧ, ಯಂತ್ರ ಇವುಗಳನ್ನು ಬಿಟ್ಟು ಮಿಕ್ಕದ್ದನ್ನು ಕಲಿಯಲೇಬಾರದೋ?” ಎಂದಾರು. ನಾವು ಹಾಗೆ ಹೇಳುವದಿಲ್ಲ. ಕೇಶಿರಾಜನ ‘ಶಬ್ದಮಣಿದರ್ಪಣ’ವೆಂಬದು ಹದಿಮೂರನೆಯ ಶತಮಾನದ ವ್ಯಾಕರಣ. ಕಿಟ್ಟೆಲರು ಅದನ್ನು ಪರಿಷ್ಕರಿಸಿ 1872ರಲ್ಲಿ ಅಚ್ಚು ಹಾಕಿಸಿದರು. ಅದರಿಂದ ಒಂದು ಸೇರು ಜೋಳವೂ ಬೆಳೆಯಲಿಲ್ಲ. ಆದರೂ ಕನ್ನಡವು ಕಾಡುಮಾತಲ್ಲ, ಅದಕ್ಕೆ ನೂರಾರು ವರುಷಗಳ ಕ್ರಮವೂ ಗೌರವವೂ ಇದೆಯೆಂಬದು ಅದರಿಂದ ಲೋಕಕ್ಕೆ ತಿಳಿಯಿತು. ಮನುಷ್ಯನು ಹೊಟ್ಟೆ ಮಾತ್ರವಲ್ಲ. ಅವನ ಮಾತು, ನೆನಪು, ಹಾಡು ಇವೆಲ್ಲಾ ಅವನೇ. ಆದದರಿಂದ ನಕ್ಷತ್ರಗಳನ್ನು ಎಣಿಸುವವನೂ ಹಳೆಯ ಶಾಸನವನ್ನು ಓದುವವನೂ ಮನುಷ್ಯನ ಸೇವೆಯನ್ನೇ ಮಾಡಬಹುದು. ಅವನು ಸತ್ಯವನ್ನು ಹುಡುಕುತ್ತಾನೋ ತನ್ನ ಹೆಸರನ್ನು ಹುಡುಕುತ್ತಾನೋ ಎಂಬದನ್ನು ಮಾತ್ರ ಪರೀಕ್ಷಿಸಬೇಕು.

ಮೂರನೆಯವರು, “ಓದಿದವರು ಹಳ್ಳಿಗೆ ತಿರುಗಿ ಬರುವದಿಲ್ಲ, ಋಣ ತೀರಿಸುವವರು ಯಾರು?” ಎಂದು ಕೇಳುವರು. ಇದು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ತಿರುಗಿ ಬಂದವರೂ ಇದ್ದಾರೆ. ಮಂಗಳೂರಿನ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನವನ್ನು ಹೊಂದಿ, 1846ರಲ್ಲಿ ಬಾಸೆಲಿಗೆ ಹೋಗಿ ಕಲಿತು, 1851ರಲ್ಲಿ ಹಿಂದಿರುಗಿ ಬಂದು, ಮಂಗಳೂರಿನಲ್ಲಿ 1847ರಿಂದ ನಡೆಯುತ್ತಿದ್ದ ವೇದಪಾಠಶಾಲೆಯಲ್ಲಿ ನಮ್ಮವರಿಗೆ ಕಲಿಸಿದರು. ಆದರೆ ಎಲ್ಲರೂ ಹುಟ್ಟಿದ ಊರಿಗೇ ಬರಬೇಕೆಂದು ಕಟ್ಟಳೆ ಮಾಡಲಾಗದು. ಕಿಟ್ಟೆಲರು ತಮ್ಮ ಊರನ್ನು ಬಿಡದೆ ಇದ್ದಿದ್ದರೆ ನಮಗೆ ಆ ಕೋಶವೆಲ್ಲಿ? ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮವರು ಹೇಳುತ್ತಾರೆ. ಅವರು ದೇಶವನ್ನೂ ಸುತ್ತಿದರು, ಕೋಶವನ್ನೇ ಬರೆದಿಟ್ಟರು. ಹೆತ್ತವರಿಂದ ಪಡೆದ ಸಾಲವನ್ನು ಕೆಲವರು ಹೆತ್ತವರಿಗೇ ತೀರಿಸುತ್ತಾರೆ. ಕೆಲವರು ತಮ್ಮೆದುರಿಗೆ ಬರುವ ಮತ್ತೊಬ್ಬರ ಮಕ್ಕಳಿಗೆ ತೀರಿಸುತ್ತಾರೆ. ಎರಡೂ ತೀರಿಸಿದ ಹಾಗೆಯೇ. ಎಲ್ಲಿಯೂ ಯಾರಿಗೂ ತೀರಿಸದೆ, ಸಾಲವೇ ಇರಲಿಲ್ಲವೆಂದು ನಟಿಸುವದು ಮಾತ್ರ ಪಾಪ.

ಇಲ್ಲಿ ನಮ್ಮ ಸಭೆಗಳಿಗೂ ಒಂದು ಮಾತು ಹೇಳದೆ ಇರಲಾರೆವು. ವಿದ್ಯಾಲಯವೆಂಬದು ಪುಸ್ತಕಗಳ ಮನೆ ಮಾತ್ರವಲ್ಲ, ಕೂಡಿ ಬಾಳುವ ಮನೆಯೂ ಆಗಿದೆ. ಬೇರೆ ಬೇರೆ ಮನೆಗಳಿಂದ ಬಂದ ಮಕ್ಕಳು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವದೂ ಒಬ್ಬರ ಜ್ವರದಲ್ಲಿ ಇನ್ನೊಬ್ಬರು ಎಚ್ಚರವಾಗಿರುವದೂ ಯಾವ ಪರೀಕ್ಷೆಯಲ್ಲಿಯೂ ಅಂಕ ಸಿಕ್ಕದ ಪಾಠಗಳು. ಪಂಕ್ತಿಯ ಭೇದವು ಬಹಳ ಆಳವಾಗಿ ಬೇರೂರಿದ ನಮ್ಮ ನಾಡಿನಲ್ಲಿ ಇದು ಸಣ್ಣ ಪಾಠವಲ್ಲ. ಆದರೆ ಮಗಳು ವಿದ್ಯಾರ್ಥಿನಿಲಯದಲ್ಲಿ ಕಲಿತ ಈ ಪಾಠವನ್ನು ರಜೆಗೆ ಬಂದಾಗ ನಮ್ಮ ಸಭೆಯಲ್ಲಿಯೇ ಕಾಣದೆ ಹೋದರೆ? ಒಂದೇ ರೊಟ್ಟಿಯನ್ನು ಮುರಿದು ತಿನ್ನುವ ನಾವು ಮದುವೆಯ ಮಾತು ಬಂದಾಗ ಹಳೇ ಜಾತಿಯನ್ನು ಹುಡುಕುತ್ತಾ ಕೂತರೆ? ಆಗ ಓದಿದ ಮಕ್ಕಳು ನಮ್ಮನ್ನು ಕಂಡು ನಾಚುವದಕ್ಕೆ ಕಾರಣ ನಮ್ಮ ಬಡತನವಾಗಲಿ ನಮ್ಮ ಕೈಗೆ ಹತ್ತಿದ ಕೆಸರಾಗಲಿ ಆಗಿರಲಾರದು.

ಈಗ ಕಟ್ಟೆಯ ಮೇಲೆ ಕೂತಿರುವ ಆ ತಂದೆಯ ಬಳಿಗೆ ತಿರುಗಿ ಹೋಗೋಣ. ಅವನಿಗೆ ನಾವು ಏನು ಹೇಳೋಣ? ಸಾಧ್ಯವಾದರೆ ಕಳಿಸು ಎಂದೇ ಹೇಳುವೆವು. ಗದ್ದೆಯನ್ನು ಒತ್ತೆ ಇಡುವದಕ್ಕೆ ಮುಂಚೆ ಸರಕಾರದ ವಿದ್ಯಾರ್ಥಿವೇತನವನ್ನೂ ವಿದ್ಯಾರ್ಥಿನಿಲಯವನ್ನೂ ವಿಚಾರಿಸು; ಸಭೆಯವರೂ ತಮ್ಮ ಕಾಣಿಕೆಯಲ್ಲಿ ಒಂದು ಪಾಲನ್ನು ಇದಕ್ಕೆ ಎತ್ತಿಡಲಿ. ಹಾಲೆಯ ಆ ದೊಡ್ಡ ಕೆಲಸವು ಒಂದು ದಾನಪೆಟ್ಟಿಗೆಯ ಕೆಲವೇ ನಾಣ್ಯಗಳಿಂದ ಆರಂಭವಾಯಿತಲ್ಲವೇ?

ಆದರೆ ಕಳಿಸುವಾಗ, “ನಾವು ಏನೂ ತಿಳಿಯದವರು, ನೀನಾದರೂ ಮನುಷ್ಯಳಾಗು” ಎಂದು ಮಾತ್ರ ಹೇಳಬೇಡ. ಆ ಮಾತನ್ನು ನೀನೇ ಅವಳಿಗೆ ಕಲಿಸಿದರೆ, ನಾಳೆ ಅವಳು ನಿನ್ನನ್ನು ಹಗುರವಾಗಿ ಕಂಡಾಗ ಯಾರನ್ನು ದೂರುವಿ? ಯಾವ ಮಣ್ಣಿಗೆ ಯಾವ ಬೀಜ, ಯಾವ ಮೋಡಕ್ಕೆ ಯಾವ ಮಳೆ ಎಂಬದು ನಿನಗೆ ಗೊತ್ತು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಗಾದೆಯನ್ನು ನಿನ್ನಂಥವರೇ ಹೇಳಿದರು. ಮಗಳಿಗೆ, “ಅವ್ವಾ, ನೀನು ಕಲಿತದ್ದನ್ನು ನಮಗೆ ಹೇಳು, ನಮಗೆ ತಿಳಿದದ್ದನ್ನು ನಾವು ನಿನಗೆ ಹೇಳುತ್ತೇವೆ” ಎಂದು ಹೇಳಿ ಕಳಿಸು.

ಮಗನನ್ನೂ ಮರೆಯಬೇಡ. ಗದ್ದೆಯಲ್ಲಿ ಉಳಿದವನು ಸೋತವನಲ್ಲ. ತಂಗಿಯ ಓದಿನ ಅರ್ಧವು ಅವನದೇ ಎಂದು ಅವಳ ಎದುರಿನಲ್ಲಿ, ಸಭೆಯ ಎದುರಿನಲ್ಲಿ ಹೇಳು. ಸಂಜೆ ಅವನ ಕೈಗೂ ಒಂದು ಪುಸ್ತಕ ಬರಲಿ.

ಮಗಳೇ, ನಿನಗೂ ಒಂದು ಮಾತು. ನೀನು ಯಾವ ಶಾಸ್ತ್ರವನ್ನು ಕಲಿತರೂ ರಜೆಗೆ ಬಂದಾಗ ಅಜ್ಜಿಯ ಮಗ್ಗುಲಲ್ಲಿ ಕೂತು ಕೇಳು. ಅವಳು ಬಿತ್ತನೆಯ ಕಾಲದ ಪದಗಳನ್ನೂ ಬಾಣಂತಿಯ ಮದ್ದುಗಳನ್ನೂ ಬರಗಾಲದ ಸೊಪ್ಪುಗಳ ಹೆಸರುಗಳನ್ನೂ ಬಲ್ಲಳು. ಅವುಗಳನ್ನು ಬರೆದಿಟ್ಟುಕೋ, ಸರಿಯೋ ತಪ್ಪೋ ಎಂದು ನಿನ್ನ ವಿದ್ಯೆಯಿಂದ ಪರೀಕ್ಷಿಸು, ತಪ್ಪಿದ್ದರೆ ಮೆಲ್ಲನೆ ತಿಳಿಸು, ಸರಿಯಿದ್ದರೆ ಅವಳ ಹೆಸರನ್ನು ಹೇಳು. ಇದೇ ಸಂಶೋಧನೆ. ಕಿಟ್ಟೆಲರಿಗೆ ಮಾತು ಕೊಟ್ಟ ಅಜ್ಜಿಯರ ಹೆಸರುಗಳು ನಮಗೆ ಉಳಿಯಲಿಲ್ಲ. ನಿನ್ನ ಅಜ್ಜಿಯ ಹೆಸರನ್ನು ನೀನು ಉಳಿಸಬಲ್ಲೆ.

ತಾನು ಯಾರಿಂದ ಪಡೆದೆನೆಂಬದನ್ನು ನೆನಸುವ ಎಲ್ಲಾ ವಿದ್ಯಾರ್ಥಿಗಳ ಓದನ್ನು ದೇವರು ಆಶೀರ್ವದಿಸಲಿ. ಕೊಟ್ಟವರ ಕೈಗಳನ್ನೂ ಬಲಪಡಿಸಲಿ.